ಗಾಳೆಮ್ಮನ ಶ್ರುತಿ

ಗಿಟಾರಿಗೆ ಆರು ತಂತಿ, ಅವನ್ನ ಒಂದ ನಮೂನಿ ಕಟ್ಟಬೇಕು, ಬ್ಯಾರೆ ನಮೂನಿ ಕಟ್ಟಿದ್ರ ಪಾಪ ಬರತೈತಿ ಅಂತ ಯಾವ ಶಾಸ್ತ್ರದಾಗ ಬರದಾರ್ರಿ? ತೋರಿಸ್ರಿ ನನಗ. ನಾ ಓದಿದಾಕಿ ಅಲ್ಲ, ಆದ್ರೂ ಓದಿದವರ ಕಡಿಂದ ಓದಿಸಿ ಕೇಳತೀನಿ. ಲಿಂಗಸುಗೂರಿನ ಅಮರಗುಂಡಪ್ಪ ಮಾಸ್ತರಗೂ ಇದನ್ನ ಕೇಳಬೇಕಂತಿದ್ದೆ. ಅವತ್ತು ಬಾಯಿಲೆ ಕೇಳಲಿಲ್ಲ, ಪದದಾಗ ಕೇಳಿದೆ.

ನಮ್ಮಪ್ಪ ಅಂಬಪ್ಪ ಮಸ್ಕಿ ಕಡಿಯವ, ಏಕತಾರಿ ಹಿಡದು ತತ್ವಪದ ಹಾಡಾವ. ಕಾಲುವಿ ಕೆಲಸ ಸುರುವಾತಂತ ತುರ್ವಿಹಾಳ ಕ್ಯಾಂಪಿಗೆ ಕಲ್ಲು ಒಡಿಯಾಕ ಬಂದ್ವಿ. ಐವತ್ತೆರಡನೇ ಇಸವಿಯಾಗ ಒಂದು ಬಂಡೆಗಲ್ಲು ಉರುಳಿ ನನ್ನ ಎಡಗೈ ಮ್ಯಾಲ ಬಿತ್ತು. ನಡುವಿನ ಬೆರಳು, ಉಂಗುರದ ಬೆರಳು ಎರಡೂ ಬುಡದಾಗಿಂದ ಹೋದ್ವು. ಹುಣ್ಣು ಮಾಯೋದರಾಗ ಮೇಸ್ತ್ರಿ, "ಇನ್ನ ಬರಬ್ಯಾಡ ಬೇ" ಅಂದ. ಹತ್ತೊಂಬತ್ತು ವರ್ಷದಾಕಿ ನಾನು, ಕೂಲಿಗೂ ಬ್ಯಾಡಾದೆ.

ಕ್ಯಾಂಪಿನಾಗ ನಕ್ಷೆ ಬರಿಯಾವ ಪಿಂಟೋ ಅಂತ ಒಬ್ಬ ಗೋವಾದವ ಇದ್ದ. ಸಂಜಿಮುಂದ ಗಿಟಾರ್ ಬಾರಸ್ತಿದ್ದ, ನಾ ದೂರ ಕುಂತು ಕೇಳ್ತಿದ್ದೆ. ವರ್ಗ ಆಗಿ ಹೋಗೋಮುಂದ ಅದನ್ನ ನನ್ನ ತೊಡಿಮ್ಯಾಲ ಇಟ್ಟ. ಕನಿಕರಕ್ಕ ಕೊಟ್ಟನೋ, ಸಾಮಾನು ಹೆಚ್ಚಾತಂತ ಕೊಟ್ಟನೋ, ಅವನ ದೇವರಿಗೇ ಗೊತ್ತು. ತಂತಿ ಹೆಂಗ ಕಟ್ಟಬೇಕು, ಎಲ್ಲೆಲ್ಲಿ ಒತ್ತಬೇಕು ತೋರಿಸಿದ. ಮೂರು ಬೆರಳು ಕೂಡೇ ಒತ್ತಬೇಕಂತ! ನಾ ನನ್ನ ಕೈ ಎತ್ತಿ ತೋರಿಸಿದೆ. ಪಾಪ, ತಲಿ ಕೆಳಗ ಹಾಕಿ ಲಾರಿ ಹತ್ತಿದ.

ಆರು ತಿಂಗಳು ಗುದ್ದಾಡಿದೆ. ಒತ್ತದನ ಮೀಟಿದ್ರ ಆರು ಸೊಸ್ತ್ಯಾರು ಒಂದ ಅಡಗಿಮನ್ಯಾಗ ಬಾಯಿ ಮಾಡಿದಂಗ ಕೇಳ್ತಿತ್ತು. ಒಂದಿನ ಮಧ್ಯಾಹ್ನ ಸಿಟ್ಟು ನೆತ್ತಿಗೇರಿತು. ಒತ್ತಾಕ ಬೆರಳಿಲ್ಲಂದ್ರ, ಒತ್ತದನ ಒಪ್ಪೋಹಂಗ ಯಾಕ ಕಟ್ಟಬಾರದು? ಅಪ್ಪನ ಏಕತಾರಿ ತೊಗೊಂಡು ನನ್ನ ಗಂಟಲಕ್ಕ ಹೊಂದಿಸಿದೆ. ಗಿಟಾರಿನ ದಪ್ಪ ತಂತಿ ಸಡಲ ಮಾಡಿ ಏಕತಾರಿಯ ಆ ಸ-ಕ್ಕ ತಂದೆ. ಅದರ ಮಗ್ಗಲಿನ ಎರಡು ತಂತಿ ಒಂಚೂರು ತಿರುವೋದರಾಗ ಪ, ಸ ಆಗಿ ಕುಂತ್ವು. ನಾಕನೇದನ್ನ ಬಿಗಿ ಮಾಡೋಮುಂದ ಕಣ್ಣು ಮುಚ್ಚಿಕೊಂಡೆ, ಹರದ್ರ ಈ ಸೀಮಿಯಾಗ ಎಲ್ಲಿ ತರಬೇಕು? ಹರೀಲಿಲ್ಲ, ಅದೂ ಪ ಆತು. ಐದನೇದು ಪ, ಆರನೇದು ಸ.

ಮೀಟಿದೆ. ಯವ್ವಾ, ಏನ ಹೇಳಲಿ, ಆರೂ ಕೂಡಿ ಒಂದ ಮಾತು ಆಡಿದ್ವು. ನಾ ಅತ್ತಬಿಟ್ಟೆ.

ಗ ಯಾಕ ಕಟ್ಟಲಿಲ್ಲ ಅಂತ ತಿಳದವರು ಕೇಳತಾರ. ಗ ಒಂದು ಪದದಾಗ ನಗತೈತಿ, ಇನ್ನೊಂದರಾಗ ಅಳತೈತಿ. ಒಂದ ಕಡಿ ಕಟ್ಟಿ ಹಾಕಿದ್ರ ಇನ್ನೊಂದಕ್ಕ ಮೋಸ. ಅದಕ್ಕ ಅದನ್ನ ಕಬ್ಬಿಣಕ್ಕ ಬಿಟ್ಟೆ. ಕ್ಯಾಂಪಿನ ಕಮ್ಮಾರ ಜಿಲಾನಿಸಾಬ್ ಒಂದು ಸವದ ಉಳಿ ತುಂಡನ್ನ ಕನ್ನಡಿಯಂಗ ತಿಕ್ಕಿಕೊಟ್ಟ. ಗಿಟಾರ್ ತೊಡಿಮ್ಯಾಲ ಅಂಗಾತ ಮಲಗಿಸಿ, ಉಳಿದ ಎರಡು ಬೆರಳು, ಹೆಬ್ಬೆರಳಿನಾಗ ಆ ಕಬ್ಬಿಣ ಹಿಡದು ತಂತಿಮ್ಯಾಲ ಜಾರಿಸಿದ್ರ ಯಾವ ಸ್ವರ ಬೇಕು ಅದು ಬರತಿತ್ತು.

ಮೊದಲ ಸಲ ಕೇಳಿದಾಗ ಅಪ್ಪ ಬುತ್ತಿ ಬಿಟ್ಟು ಎದ್ದು ಬಂದ. "ಇದು ಯಾವ ದೇಶದ ಕಟ್ಟು ಬೇ?"

"ನಂದ, ಯಪ್ಪಾ. ಈಗ ಹುಟ್ಟೇತಿ" ಅಂದೆ.

ಐವತ್ನಾಕರಾಗ ಸುದ್ದಿ ಬಂತು: ಊರೂರು ತಿರುಗಿ ಕಾಲುವಿ ನೀರು, ಸಾಲಿ, ಕಾಲರಾ ಸೂಜಿ ಇವುಗಳ ಮ್ಯಾಲ ಪದ ಹಾಡಾಕ ಸರಕಾರದವರು ಒಂದು ತಂಡ ಕಟ್ಟಾಕತ್ಯಾರ, ತಿಂಗಳ ಪಗಾರ ಐತಿ, ಪರೀಕ್ಷಾ ಲಿಂಗಸುಗೂರಾಗ. ಮನ್ಯಾಗ ಅದ ಹೊತ್ತಿಗೆ ನನಗ ಒಂದು ಸಂಬಂಧ ಬಂದಿತ್ತು. ಐವತ್ತು ದಾಟಿದವ, ಎರಡನೇ ಸಲದವ. "ಬೆರಳಿಲ್ಲದಾಕಿಗೆ ಇನ್ನೇನು ನವಾಬ ಬರತಾನನು?" ಅಂದಿದ್ಲು ನಮ್ಮಪ್ಪನ ತಂಗಿ ಆದೆಮ್ಮ. ನೌಕರಿ ಸಿಕ್ರ ನನ್ನ ಅನ್ನ ನಂದು. ಸಿಗಲಿಲ್ಲಂದ್ರ ಆ ಮುದುಕನ ಒಲಿ ಊದಬೇಕು.

ಸಾಲಿ ಅಂಗಳದಾಗ ಬೇವಿನ ಗಿಡದ ಕೆಳಗ ಪರೀಕ್ಷಾ. ಗುಂಪು ಸೇರಿತ್ತು. ಅಮರಗುಂಡಪ್ಪ ಮಾಸ್ತರ ಹಾರ್ಮೋನಿಯಂ ಮುಂದ ಕುಂತಿದ್ರು, ಹಣಿತುಂಬ ವಿಭೂತಿ. ಮಗ್ಗಲಕ್ಕ ಗುಮಾಸ್ತ ಮರಿಸ್ವಾಮಿ, ಪಟ್ಟಿ ಹಿಡದು. ನನ್ನ ಓಣಿ ಯಾವುದಂತ ಕೇಳಿ ನಾಕು ಮಾರು ದೂರ ಕುಂದರಿಸಿದ್ರು. ಆತು, ಕುಂತೆ. ಮೀಟಿದೆ.

ಮಾಸ್ತರ ಕೋಲು ಎತ್ತಿ ಗಿಟಾರ್ ತೋರಿಸಿದ್ರು. "ಶ್ರುತಿ ತಪ್ಪೈತಿ. ರಾಯಚೂರಾಗ, ಹೈದರಾಬಾದಿನಾಗ ನೋಡೀನಿ ನಾ. ಗಿಟಾರ್ ಹಿಂಗ ಕಟ್ಟಂಗಿಲ್ಲ." ಆಮ್ಯಾಲ ಹಾರ್ಮೋನಿಯಂ ಒತ್ತಿ ನನ್ನ ಸ ಹುಡುಕಿದ್ರು. ಬಿಳಿ ಮನಿ ಒತ್ತಿದ್ರು, ಕೆಳಗಾತು. ಮಗ್ಗಲಿನ ಕರಿ ಮನಿ ಒತ್ತಿದ್ರು, ಮ್ಯಾಲಾತು. ಕಿವಿ ಚೊಲೋ ಇತ್ತು ಮನಿಷ್ಯಾಂದು, ಸುಳ್ಳು ಯಾಕ ಹೇಳಲಿ? ಒಪ್ಪಾಕ ಮನಸ್ಸಿರಲಿಲ್ಲ ಅಷ್ಟ.

"ಬಿಳಿಯಾಗೂ ಇಲ್ಲ, ಕರಿಯಾಗೂ ಇಲ್ಲ. ಎಲ್ಲಿ ಐತಿ ನಿನ್ನ ಸ?"

"ನನ್ನ ಗಂಟಲದಾಗ ಐತ್ರಿ" ಅಂದೆ.

ಜನ ಗೊಳ್ಳಂತ ನಕ್ರು. ಮಾಸ್ತರ ಮಾರಿ ಕೆಂಪಾತು. "ಅರ್ಧಾ ತಾಸು ಕೊಟ್ಟೀನಿ. ಸರಿಯಾಗಿ ಕಟ್ಟಿಕೊಂಡು ಬಂದ್ರ ಬಾ, ಇಲ್ಲಂದ್ರ ಬಂದ ದಾರಿ ಹಿಡಿ."

ಗೇಟಿನ ಹೊರಗ ಅಪ್ಪ ನಿಂತಿದ್ದ. "ಅವರಂದಂಗ ಕಟ್ಟವ್ವ ನಮ್ಮವ್ವ. ನಿನಗ ನೌಕರಿ ಬೇಕೋ, ಹಟ ಬೇಕೋ?" ಅಂದ. ಅಂವ ಕೇಳಿದ್ದರಾಗ ತಪ್ಪೇನಿಲ್ಲ. ತಂತಿ ತಿರುವೋ ಬಿರಟಿಮ್ಯಾಲ ಕೈ ಇಟ್ಟೆ. ತಿರುವಿದ್ರ ಮಾಸ್ತರ ಶ್ರುತಿ ಬರತೈತಿ, ಖರೇ. ಅದನ್ನ ಒತ್ತಾಕ ಎರಡು ಬೆರಳು ಎಲ್ಲಿಂದ ತರಲಿ? ಕಾಲುವಿ ಅಗದು ಹುಡುಕಲೇನು? ಬಿರಟಿ ಬಿಟ್ಟೆ. ಹಂಗ ಒಳಗ ಹೋಗಿ ಕುಂತೆ, ಯಾರನ್ನೂ ಕೇಳದನ ಪದ ಎತ್ತಿದೆ.

ಗುರುಗುಂಟಿ ದಾರಿ ಹಿಡದೇನೊ ಗುರುವೆ
ಕತ್ತಲಾತಂತ ತಿರುಗೊಲ್ಲೆ

ಮಾಸ್ತರ ನಿಲ್ಲಸು ಅನ್ನಾಕ ಎತ್ತಿದ ಕೈ ಹಂಗ ಕೆಳಗ ಇಳೀತು. ಯಾಕಂದ್ರ ಗುರುಗುಂಟಿ ಅಮರೇಶ ಅವರ ಮನಿದೇವ್ರು. ಅವರ ಹೆಸರು ಇಟ್ಟದ್ದ ಆ ದೇವರ ಮ್ಯಾಲ. ನಮ್ಮ ಸೀಮಿಯಾಗ ಒಂದು ಕಟ್ಟಳಿ ಐತಿ: ತತ್ವಪದ ಎತ್ತಿದ್ರ, ಕಡೀ ನುಡಿಯಾಗ ಗುರುವಿನ ಹೆಸರು ಬರೋತನ ಯಾರೂ ತಡಿಯಂಗಿಲ್ಲ, ಎದ್ದು ಹೋಗಂಗಿಲ್ಲ. ಹೆಸರು ಬಂದಾಗ ಎಲ್ಲಾರೂ ಎದ್ದು ಕೈ ಮುಗೀಬೇಕು.

ನಾಕು ನುಡಿ ಪದ ಅದು. ಮೂರನೇ ನುಡಿ ಮುಗಿಯೋಮುಂದ ಮಾಸ್ತರ ಏಳಾಕ ಧೋತರ ಸರಿ ಮಾಡಿಕೊಂಡ್ರು. ಅವಾಗ ಹೊಳೀತು ನೋಡ್ರಿ ನನಗ. ನಾ ಹೆಸರು ತೊಗೊಂಡ್ರ ತಾನ ಇವರು ಏಳೋದು? ನಾಕನೇ ನುಡಿಯಾಗ ಹೆಸರು ಬಿಟ್ಟೆ. ಐದನೇ ನುಡಿ ಅಲ್ಲೇ ಕಟ್ಟಿದೆ:

ಕಲ್ಲಿಗೆ ಕೊಟ್ಟೇನೊ ಎರಡು ಬೆರಳ
ಉಳಿದ ಮೂರರಾಗ ಹಿಡದೇನೊ ನಿನ್ನ

ಮಾಸ್ತರ ಹಾರ್ಮೋನಿಯಂ ತೆರೆದು ನನ್ನ ಕೂಡ ಬರಾಕ ನೋಡಿದ್ರು. ಬಿಳಿ ಕೂಡಲಿಲ್ಲ, ಕರಿ ಕೂಡಲಿಲ್ಲ. ತಿದಿ ಮುಚ್ಚಿಬಿಟ್ರು. ನಾ ಹತ್ತು ನುಡಿ ಹಾಡಿದೆ, ಹನ್ನೆರಡು ಹಾಡಿದೆ. ಗಿಡದ ನೆರಳು ಸರದು ಮಾಸ್ತರ ನೆತ್ತಿಮ್ಯಾಲ ಬಿಸಿಲು ಬಂತು. ಬೆವರು ವಿಭೂತಿ ಮ್ಯಾಲಿಂದ ಇಳಿಯಾಕತ್ತಿತು. ಎದ್ದು ನೆರಳಿಗೆ ಹೋಗಂಗಿಲ್ಲಲ್ಲ!

ಆಮ್ಯಾಲ ಹಾಡಿದೆ:

ನಿನ್ನ ಹೆಸರು ನನ್ನ ನಾಲಿಗಿಮ್ಯಾಲೈತೊ
ನನ್ನ ಹೆಸರು ಇವರ ಕಾಗದದಾಗಿಲ್ಲೊ

ಗುಂಪಿನಾಗ ಒಬ್ಬ ಕಿಸಕ್ಕಂದ. ಮಾಸ್ತರ ನನ್ನ ಒಂದು ನೋಟ ನೋಡಿದ್ರು, ಆ ನೋಟಕ್ಕ ಹಾಲು ಒಡೀಬೇಕು. ಪಟ್ಟಿ ಎಳಕೊಂಡು ಬರದು ಮರಿಸ್ವಾಮಿ ಕಡಿ ಒಗದ್ರು. ನಾ ಬರೇ ತಂತಿ ನುಡಿಸಿಕೋಂತ ಅಂವಗ ಜಾಗ ಬಿಟ್ಟೆ. ಮರಿಸ್ವಾಮಿ ಸಣ್ಣ ದನಿಲೆ ಓದಿದ: "ಗಾಳೆಮ್ಮ, ತಂದಿ ಅಂಬಪ್ಪ, ತುರ್ವಿಹಾಳ ಕ್ಯಾಂಪ್. ವಾದ್ಯ ಗಿಟಾರ್. ತೊಗೊಂಡೈತಿ. ಷರಾ: ಶ್ರುತಿ ತಪ್ಪು."

ಗೇಟಿನಾಗ ಅಪ್ಪ ಎರಡೂ ಕೈ ಜೋಡಿಸಿ, ಸಾಕು ಮುಗಸು ಅಂತ ಸನ್ನಿ ಮಾಡಿದ. ಅವನ ಕಣ್ಣಾಗ ನೀರು ಬಂದಿತ್ತು. ನೌಕರಿ ಸಿಕ್ಕಿತ್ತು. ಮುದುಕನ ಒಲಿ ತಪ್ಪಿತ್ತು. ಅಮರೇಶ ಅಂದಿದ್ರ ಮುಗೀತಿತ್ತು. ನನ್ನ ನಾಲಿಗಿ ಏಳಲಿಲ್ಲ. ಆ ಶ್ರುತಿ ತಪ್ಪಾದ್ರ ನನ್ನ ಕೈ ತಪ್ಪು, ನನ್ನ ಗಂಟಲ ತಪ್ಪು, ನಾ ಹುಟ್ಟಿದ್ದ ತಪ್ಪು. ಊರೂರು ಆ ಷರಾ ಹೊತ್ತುಕೊಂಡು ತಿರುಗಲೇನು? ಕಬ್ಬಿಣ ಗಟ್ಟಿ ಹಿಡದೆ:

ತಪ್ಪಂತ ಬರದವರು ಒರಸಲಿ ಗುರುವೆ
ಒರಸೋತನ ನಿನ್ನ ಕರೆಯೊಲ್ಲೆ

ಮಾಸ್ತರ ಕಣ್ಣು ಮುಚ್ಚಿದ್ರು. ನಾ ಇನ್ನೊಂದು ನುಡಿ ಹಾಡಿದೆ, ಮತ್ತೊಂದು ಹಾಡಿದೆ. ಗಂಟಲ ಒಡದು ರಗತದ ರುಚಿ ಬಂತು. ಕಡೀಕ ಮಾಸ್ತರ ಲೇಖನಿ ತೊಗೊಂಡು ಆ ಷರಾ ಹೊಡದು ಹಾಕಿದ್ರು. ಮತ್ತ ಏನು ಬರೀಲಿ ಅಂತ ಕೈಲೆ ಕೇಳಿದ್ರು. ಪದದಾಗ ಹೇಳಿದೆ. ಬರದ್ರು. ಮರಿಸ್ವಾಮಿ ಈ ಸಲ ಎಲ್ಲಾರಿಗೂ ಕೇಳೋಹಂಗ ಓದಿದ: "ಶ್ರುತಿ, ಗಾಳೆಮ್ಮಂದು."

ಅವಾಗ ಅಮರೇಶನ ಹೆಸರು ತೊಗೊಂಡೆ. ಎಲ್ಲಾರಕಿಂತ ಮೊದಲು ಮಾಸ್ತರ ಎದ್ದು ಕೈ ಮುಗದ್ರು. ಮುಗದದ್ದು ದೇವರಿಗೆ, ಗೊತ್ತೈತಿ ನನಗ. ಆದ್ರ ಅವರನ್ನ ಎಬ್ಬಿಸಿದಾಕಿ ನಾನು.