ನಾನೂರನೇ ಪುಟದ ಆಚೆ

೧

ಈ ಕಥೆಯನ್ನು ಬ್ಲೇಡಿನಿಂದ ಶುರು ಮಾಡಲೋ, ಬಿಸ್ಕತ್ತಿನಿಂದ ಶುರು ಮಾಡಲೋ ಎಂದು ಮೂರು ದಿನದಿಂದ ಒದ್ದಾಡುತ್ತಿದ್ದೇನೆ. ಬಿಸ್ಕತ್ತಿನಿಂದ ಶುರು ಮಾಡಿದರೆ ನೀವು ನಗುತ್ತೀರಿ. ಒಮ್ಮೆ ನಕ್ಕವರನ್ನು ಆಮೇಲೆ ಹೆದರಿಸುವುದು ಕಷ್ಟ. ಬ್ಲೇಡಿನಿಂದ ಶುರು ಮಾಡಿದರೆ ಕೊಲೆ ಕಥೆ ಎಂದುಕೊಂಡು ಕಾಲು ಮಡಚಿ ಕೂರುತ್ತೀರಿ, ಸಿಗುವುದು ಮಾತ್ರ ಪಠ್ಯಪುಸ್ತಕ ಸಮಿತಿಯ ಒಂದು ಮೀಟಿಂಗು. ಬಯ್ಯುತ್ತೀರಿ. (ಬಯ್ಯಿರಿ. ಮೂವತ್ತೊಂದು ವರ್ಷ ಹನ್ನೆರಡನೇ ಕ್ಲಾಸಿಗೆ ಇಂಗ್ಲಿಷ್ ಹೇಳಿಕೊಟ್ಟು ರಿಟೈರ್ ಆದವನ ಚರ್ಮ ದಪ್ಪ.)

ಬ್ಲೇಡೇ ಇರಲಿ.

೨

ಹನ್ನೆರಡನೇ ತರಗತಿಯ ಇಂಗ್ಲಿಷಿಗೆ ಹೊಸ ಕಾದಂಬರಿಯೊಂದನ್ನು ಆರಿಸಬೇಕಾಗಿದೆ. ಹಳೆಯದು ಹನ್ನೊಂದು ವರ್ಷ ಓಡಿತು. ಅದರ ಗೈಡುಗಳು ಮೂಲಕ್ಕಿಂತ ದಪ್ಪವಾಗಿವೆ. ಹೊಸದರ ಒಂದೇ ಒಂದು ಪ್ರತಿಯನ್ನು ಪ್ರಕಾಶಕರು ಕಳಿಸಿದ್ದಾರೆ. ಐನೂರು ಪುಟ. ಸಮಿತಿಯಲ್ಲಿರುವವರು ಐದು ಜನ. ಇಂಥ ಹೊತ್ತಿನಲ್ಲಿ ಕಚೇರಿಯ ಗುಮಾಸ್ತರು ಏನು ಮಾಡುತ್ತಾರೆ ಗೊತ್ತೇ? ಪುಸ್ತಕದ ಬೆನ್ನಿಗೆ ಬ್ಲೇಡು ಹಾಕುತ್ತಾರೆ. ನೂರು ನೂರು ಪುಟದ ಐದು ಕಟ್ಟು ಮಾಡಿ, ಒಂದೊಂದನ್ನೂ ಫೈಲಿನಲ್ಲಿಟ್ಟು ದಾರ ಬಿಗಿದು ಸದಸ್ಯರಿಗೆ ಹಂಚುತ್ತಾರೆ. ಅವರವರ ಪಾಲಿನ ನೂರು ಪುಟ ಓದಿ, ಒಂದು ಫಾರಂ ತುಂಬಿ, ಎರಡು ಮಾದರಿ ಪ್ರಶ್ನೆ ಬರೆದುಕೊಟ್ಟರೆ ಕೆಲಸ ಮುಗಿಯಿತು. ಐದನೇ ಭಾಗದವರಿಗೆ ಮಾತ್ರ ಫಾರಂನಲ್ಲಿ ಒಂದು ಸಾಲು ಹೆಚ್ಚಿಗೆ ಇರುತ್ತದೆ: 'ಮುಕ್ತಾಯ: ಸೂಕ್ತ / ಸೂಕ್ತವಲ್ಲ'. ಯಾವುದಾದರೂ ಒಂದರ ಸುತ್ತ ಪೆನ್ನಿನಿಂದ ಗುಂಡು ಹಾಕಬೇಕು.

ಆನೆ ಮುಟ್ಟಿ ನೋಡಿದ ಕುರುಡರ ನೆನಪಾಯಿತೇ? ಆ ಪಾಪದವರು ಆನೆಯನ್ನು ಕತ್ತರಿಸಿರಲಿಲ್ಲ.

(ಕಾದಂಬರಿಯ ಹೆಸರು ಹೇಳುವುದಿಲ್ಲ. ಹೇಳಿದರೆ ಹುಡುಕಿಕೊಂಡು ಹೋಗುತ್ತೀರಿ. ಅದು ಎಲ್ಲೂ ಸಿಗುವುದಿಲ್ಲ, ನಾನಿನ್ನೂ ಅದನ್ನು ಬರೆದಿಲ್ಲ.)

೪

ಮೂರನ್ನು ಹರಿದು ಹಾಕಿದೆ. ಅದರಲ್ಲಿ ಸಮಿತಿಯ ಐವರನ್ನೂ ಒಬ್ಬೊಬ್ಬರಂತೆ ವರ್ಣಿಸಿದ್ದೆ. ನಿಮಗೆ ಮೂವರು ಸಾಕು. ಉಳಿದಿಬ್ಬರು ಬಿಸ್ಕತ್ತಿಗೆ ಬಂದವರು.

ಒಬ್ಬರು ಅಧ್ಯಕ್ಷರು. ವಯಸ್ಸಾದವರು, ಮೆತ್ತಗಿನ ಮಾತು, ಗಟ್ಟಿ ಹಟ. ಇನ್ನೊಬ್ಬರು ಕಾಮಾ ಸರ್. ವ್ಯಾಕರಣದ ಮೇಷ್ಟ್ರು, ಹೋಟೆಲಿನ ಮೆನುವಿನಲ್ಲೂ ಕಾಮಾ ತಿದ್ದುತ್ತಾರೆಂದು ಹುಡುಗರು ಇಟ್ಟ ಹೆಸರು. ನಾಲ್ಕನೇ ಭಾಗ ಇವರ ಪಾಲಿನದು. ಮೂರನೆಯವರು ಮೇಡಂ. ನಲವತ್ತಮೂರು ವರ್ಷ, ಸಮಿತಿಗೆ ಹೊಸಬರು, ಒಂದು ಕಾಲಕ್ಕೆ ಅಧ್ಯಕ್ಷರ ವಿದ್ಯಾರ್ಥಿನಿ. ಅವರ ಹೆಸರನ್ನು ಸಮಿತಿಗೆ ಸೇರಿಸಿದ್ದೂ ಅಧ್ಯಕ್ಷರೇ. ಗಂಡ ಆರು ವರ್ಷದ ಹಿಂದೆ ತೀರಿಕೊಂಡರು. ಒಬ್ಬಳೇ ಮಗಳು, ಹದಿನೇಳು ವರ್ಷ. ಮುಂದಿನ ವರ್ಷ ಹನ್ನೆರಡನೇ ಕ್ಲಾಸು, ಅದೂ ತಾಯಿ ಪಾಠ ಮಾಡುವ ಕಾಲೇಜಿನಲ್ಲೇ, ತಾಯಿಯದೇ ಕ್ಲಾಸಿನಲ್ಲಿ.

ಮೇಡಂ ಪಾಲಿಗೆ ಬಂದದ್ದು ಐದನೇ ಭಾಗ. ಆ ಫೈಲು ಮೂರು ವಾರ ಅವರ ಮನೆಯ ಫ್ರಿಜ್ಜಿನ ಮೇಲಿತ್ತು. ದಾರವನ್ನೇ ಬಿಚ್ಚಲಿಲ್ಲ. ಮೀಟಿಂಗಿನ ಹಿಂದಿನ ದಿನ ಫಾರಂನಲ್ಲಿ 'ಸೂಕ್ತ'ಕ್ಕೆ ಗುಂಡು ಹಾಕಿದರು. ಎರಡು ಪ್ರಶ್ನೆಯನ್ನೂ ಬರೆದರು, ಯಾವ ಕಾದಂಬರಿಗೆ ಬೇಕಾದರೂ ಹೊಂದುವಂಥವು. ಒಂದು, ಶೀರ್ಷಿಕೆಯ ಔಚಿತ್ಯ. ಎರಡು, 'ತಾಯಿಯ ನಿರ್ಧಾರವನ್ನು ನೀವು ಒಪ್ಪುತ್ತೀರಾ? ಕಾರಣ ಕೊಡಿ. ಐದು ಅಂಕ.' ಎಲ್ಲ ಕಾದಂಬರಿಯಲ್ಲೂ ಒಬ್ಬ ತಾಯಿ ಇರುತ್ತಾಳೆ, ಏನಾದರೊಂದು ನಿರ್ಧಾರ ಮಾಡಿಯೇ ಇರುತ್ತಾಳೆ.

ಯಾಕೆ ಓದಲಿಲ್ಲ? ಗಂಡ ಹೋದ ಮೇಲೆ ಅವರಿಗೆ ಕಾದಂಬರಿಗಳ ಕೊನೆ ಓದಲು ಭಯ ಎಂದು ನಾನೊಂದು ಪ್ಯಾರಾ ಬರೆದಿದ್ದೆ. ಚೆನ್ನಾಗಿಯೇ ಬಂದಿತ್ತು.

"ಅಷ್ಟು ದೊಡ್ಡ ಕಾರಣ ಏನಿಲ್ಲ ಸರ್" ಎಂದರು ಮೇಡಂ, ನನ್ನದೇ ಹಾಳೆಯ ಮೇಲಿಂದ. "ಪರೀಕ್ಷೆ ಪೇಪರ್ ತಿದ್ದೋದಿತ್ತು. ಸುಸ್ತಾಗಿತ್ತು. ಅಷ್ಟೇ. ಆಮೇಲೆ ಈ ಓದದೇ ಗುಂಡು ಹಾಕೋ ಚಾಳಿ ನಿಮ್ದಲ್ವಾ? ನನ್ನ ತಲೆಗೆ ಯಾಕೆ ಕಟ್ತೀರಿ?"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡೆ. ನಾನೂ ಅಂಥ ಸಮಿತಿಗಳಲ್ಲಿ ಕೂತವನೇ. ಮೂರು ಸಲ ಓದದೇ ಗುಂಡು ಹಾಕಿದ್ದೇನೆ. ಲಕ್ಷಾಂತರ ಮಕ್ಕಳು ಆ ಪುಸ್ತಕಗಳನ್ನು ಬಾಯಿಪಾಠ ಮಾಡಿ ಪಾಸಾದರು. ನನ್ನನ್ನು ಯಾರೂ ಕೇಳಲಿಲ್ಲ. ಅದಕ್ಕೇ ಈ ಕಥೆಯಲ್ಲಿ ಒಬ್ಬರನ್ನಾದರೂ ಯಾರೋ ಕೇಳುವಂತೆ ಮಾಡುತ್ತಿದ್ದೇನೆ.

೫

ಮೀಟಿಂಗಿನ ದಿನ, ಬೆಳಿಗ್ಗೆ ಹನ್ನೊಂದೂವರೆ. ಉದ್ದ ಮೇಜು, ಒಂದು ಕಾಲಿನ ಕೆಳಗೆ ಮಡಚಿದ ರಟ್ಟು. ಸಂಜೆ ನಾಲ್ಕಕ್ಕೆ ಐವರ ಸಹಿಯೂ ಬಿದ್ದು ಪಠ್ಯಗಳ ಪಟ್ಟಿ ಮುದ್ರಣಕ್ಕೆ ಹೋಗಬೇಕು. ಒಂದು ಸಹಿ ತಪ್ಪಿದರೂ ಹಳೆಯ ಪುಸ್ತಕವೇ ಇನ್ನೂ ಐದು ವರ್ಷ.

"ಮೇಡಂ, ಒಂದು ಸಣ್ಣ ವಿಷಯ" ಎಂದರು ಕಾಮಾ ಸರ್. "ನನ್ನ ಭಾಗ ವಾಕ್ಯದ ಮಧ್ಯದಲ್ಲೇ ನಿಂತ್ಬಿಟ್ಟಿದೆ. ನಾನೂರನೇ ಪುಟದ ಕೊನೇ ಸಾಲು. ಮೂರು ವಾರದಿಂದ ಹಲ್ಲಲ್ಲಿ ಸಿಕ್ಕಿಕೊಂಡ ನಾರಿನ ಥರ ಕಾಡ್ತಿದೆ. ಕೇಳಿ." ಅವರು ಓದಿದರು: "ಆ ಬೆಳಿಗ್ಗೆ ಅಪ್ಪ ಮೇಜಿನ ಮೇಲೆ ಬಿಟ್ಟುಹೋಗಿದ್ದು ತನ್ನ"

ಓದಿ ತಲೆಯೆತ್ತಿದರು. "ತನ್ನ ಏನು ಮೇಡಂ?"

(ಕಾದಂಬರಿ ಇಂಗ್ಲಿಷಿನದು, ನಿಮಗಾಗಿ ಕನ್ನಡದಲ್ಲಿ ಹೇಳುತ್ತಿದ್ದೇನೆ. ಇಂಗ್ಲಿಷಿನಲ್ಲೂ ಬ್ಲೇಡು ಅಲ್ಲೇ ಬಿದ್ದಿತ್ತು, ನಂಬಿ.)

"ವಾಚು" ಎಂದರು ಮೇಡಂ.

"ವಾಚಾ? ಮುನ್ನೂರ ಐವತ್ತರಲ್ಲೇ ಅದು ಕಳೆದುಹೋಯ್ತಲ್ಲ?"

"ಹೊಸದು. ಆಮೇಲೆ ತಗೊಂಡಿದ್ದು."

"ಹೌದಾ? ಅದು ನನ್ನ ಭಾಗದಲ್ಲಿ ಬರಲೇ ಇಲ್ವಲ್ಲ." ಕಾಮಾ ಸರ್ ಪೆನ್ನಿನ ಮುಚ್ಚಳ ಹಾಕಿ ತೆಗೆದರು. "ಊಟ ಆದ್ಮೇಲೆ ಆ ಪುಟ ಒಂಚೂರು ತೋರಿಸ್ತೀರಾ?"

ಮಾತು ಆಡಿದರೆ ಹೋಯಿತು. ಮೇಡಂ ಊಟಕ್ಕೆ ಹೋಗಲಿಲ್ಲ. ಫೈಲನ್ನು ಎದೆಗೊತ್ತಿಕೊಂಡು, ಹಳೆಯ ಪ್ರಶ್ನೆಪತ್ರಿಕೆಗಳನ್ನು ಪೇರಿಸಿಟ್ಟ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು. ಗಂಟು ಬಿಗಿಯಾಗಿತ್ತು. ಉಗುರಿನಿಂದ ಬರಲಿಲ್ಲ, ಹಲ್ಲಿನಿಂದ ಕಚ್ಚಿ ಬಿಚ್ಚಿದರು. ನಾನೂರ ಒಂದನೇ ಪುಟದ ಮೊದಲ ಪದ ಚಪ್ಪಲಿ.

"ಚಪ್ಪಲಿ ಅಲ್ಲ ಸರ್."

ಮೇಡಂದು ಮತ್ತೆ ಶುರುವಾಯಿತು. "ನೋಡಮ್ಮ, ಕಾದಂಬರಿ ನಂದು. ಅದರೊಳಗಿನ ಅಪ್ಪನೂ ನಾನು ಮಾಡಿದ ಅಪ್ಪ. ಏನು ಬಿಟ್ಟು ಹೋದ ಅಂತ ನಾನಲ್ವಾ ಹೇಳ್ಬೇಕಾದ್ದು?"

"ಚಪ್ಪಲಿ ಬಿಟ್ಟು ಹೋದೋರು ಪಕ್ಕದ ಮನೆಗೆ ಹೋಗಿರ್ತಾರೆ, ಬರ್ತಾರೆ. ಕನ್ನಡಕ ಅಂತ ಬರೀರಿ."

"ಯಾಕೆ?"

"ಎರಡು ಹೆಜ್ಜೆ ಮುಂದೆ ಏನಿದೆ ಅಂತ ಕಾಣದೇ ಇರೋ ಮನುಷ್ಯ, ಕನ್ನಡಕ ತೆಗೆದು, ಒರೆಸಿ, ಮಡಚಿ, ಊಟದ ಮೇಜಿನ ಮೇಲಿಟ್ಟು, ಗಾಡಿ ಕೀ ತಗೊಂಡು ಹೊರಟ್ರೆ ಅದನ್ನ ಏನಂತೀರಿ ನೀವು?"

ನಾನು ಪೆನ್ನು ಕೆಳಗಿಟ್ಟೆ.

"ನಮ್ಮನೆಯವರು ಹಾಗೆ ಹೋದಾಗ ನಾನು ಆಕ್ಸಿಡೆಂಟ್ ಅಂದೆ. ಪೊಲೀಸರೂ ಹಾಗೇ ಬರ್ಕೊಂಡ್ರು. ಕನ್ನಡಕ ನನ್ನ ಬೀರುವಿನಲ್ಲಿದೆ, ಸೀರೆಗಳ ಕೆಳಗೆ. ಮಗಳಿಗೆ ಆಗ ಹನ್ನೊಂದು ವರ್ಷ. ದೊಡ್ಡೋಳಾದ್ಮೇಲೆ ಹೇಳೋಣ ಅಂದ್ಕೊಂಡೆ. ಪ್ರತಿ ವರ್ಷ ಅವಳು ದೊಡ್ಡೋಳಾಗ್ತಾನೇ ಇದಾಳೆ."

ಚಪ್ಪಲಿ ಹೊಡೆದು ಹಾಕಿ ಕನ್ನಡಕ ಎಂದು ಬರೆದೆ. ಓದುಗರೇ, ಇದನ್ನು ನಾನು ಮೊದಲೇ ಯೋಚಿಸಿಟ್ಟಿದ್ದೆ ಎಂದು ನೀವು ಅಂದುಕೊಳ್ಳಬಹುದು. ಇಲ್ಲ. ನನ್ನ ಯೋಜನೆಯಲ್ಲಿ ಈ ಹೆಂಗಸು ಬರೀ ಸೋಮಾರಿ.

೬

ಆ ನೂರು ಪುಟದಲ್ಲಿ ಇಷ್ಟಿದೆ. ಅಪ್ಪ ಕನ್ನಡಕ ಬಿಟ್ಟು ಹೋಗುತ್ತಾನೆ, ತಿರುಗಿ ಬರುವುದಿಲ್ಲ. ತಾಯಿ ಮಗಳಿಗೆ ಅಪಘಾತ ಎನ್ನುತ್ತಾಳೆ. ಮಗಳು ದೊಡ್ಡವಳಾಗುತ್ತಾಳೆ, ತಾಯಿ ಹೇಳದೇ ಸಾಯುತ್ತಾಳೆ. ಕೊನೆಗೆ ಗುರುತು ಪರಿಚಯವಿಲ್ಲದ ಒಬ್ಬನ ಬಾಯಿಂದ, ಬಸ್ಸಿನ ಕ್ಯೂನಲ್ಲಿ, ಅದು ಅಪಘಾತವಾಗಿರಲಿಲ್ಲ ಎಂದು ಮಗಳಿಗೆ ಗೊತ್ತಾಗುತ್ತದೆ. ಅವಳು ಕ್ಯೂ ಬಿಡದೇ ನಿಂತಿರುತ್ತಾಳೆ. ಅಲ್ಲಿಗೆ ಪುಸ್ತಕ ಮುಗಿಯುತ್ತದೆ.

ಮೇಡಂ ಒಂದೂಕಾಲು ಗಂಟೆಯಲ್ಲಿ ಕೊನೆಯ ಪುಟಕ್ಕೆ ಬಂದರು. ಪ್ರಶ್ನೆಪತ್ರಿಕೆಗಳ ಕಟ್ಟಿಗೆ ಹಣೆ ಒತ್ತಿಕೊಂಡು ಅತ್ತರು. ಹಾಳಾದ್ದು, ಪುಸ್ತಕ ಚೆನ್ನಾಗಿದೆ! ಕೆಟ್ಟದಾಗಿದ್ದರೆ ಬೇಡ ಎನ್ನುವುದು ಎಷ್ಟು ಸುಲಭವಿತ್ತು. ಇಷ್ಟು ವರ್ಷದಲ್ಲಿ ಮಕ್ಕಳ ಕೈಗೆ ಕೊಡಬೇಕು ಎನಿಸಿದ ಮೊದಲ ಪುಸ್ತಕ, ತನ್ನ ಮಗುವಿನ ಕೈಗೆ ಮಾತ್ರ ಕೊಡಲಾಗದು. ಬಾಯಲ್ಲಿ ಬಿಸಿ ತುಪ್ಪ. ನುಂಗುವಂತಿಲ್ಲ, ಉಗುಳುವಂತಿಲ್ಲ.

ಮತ್ತು ಆ ಪ್ರಶ್ನೆ. ತಾಯಿಯ ನಿರ್ಧಾರವನ್ನು ನೀವು ಒಪ್ಪುತ್ತೀರಾ? ಬರೆದವರು ತಾವೇ.

೭

ಮುಕ್ತಾಯಗಳು. ಬೇಕಾದ್ದನ್ನು ಆರಿಸಿ ಎನ್ನುವುದಿಲ್ಲ. ನೀವು ಹೇಗೆ ಆರಿಸುತ್ತೀರಿ ನನಗೆ ಗೊತ್ತು.

ಮೊದಲನೆಯದು. ಮೇಡಂ ಸಹಿ ಹಾಕುತ್ತಾರೆ. ಮುಂದಿನ ವರ್ಷ ಒಂದು ಬೆಳಿಗ್ಗೆ ಕ್ಲಾಸಿನಲ್ಲಿ ನಿಂತು ನಾನೂರ ಒಂದನೇ ಪುಟವನ್ನು ಗಟ್ಟಿಯಾಗಿ ಓದುತ್ತಾರೆ. ಮೂರನೇ ಬೆಂಚಿನಲ್ಲಿ ಮಗಳು ಪೆನ್ಸಿಲಿನಿಂದ 'ಕನ್ನಡಕ' ಎಂಬ ಪದದ ಕೆಳಗೆ ಗೆರೆ ಎಳೆಯುತ್ತಾಳೆ. (ಇದನ್ನು ಬರೆದು ಎದ್ದುಹೋಗಿ ನೀರು ಕುಡಿದು ಬಂದೆ.)

ಎರಡನೆಯದು. 'ಸೂಕ್ತವಲ್ಲ' ಎನ್ನುತ್ತಾರೆ. ನಿನ್ನೆ ಸೂಕ್ತವಾಗಿದ್ದು ಇವತ್ತು ಯಾಕಿಲ್ಲ ಎಂದು ಅಧ್ಯಕ್ಷರು ಕೇಳುತ್ತಾರೆ. ಒಂದೋ ಓದಿರಲಿಲ್ಲ ಎಂದು ಗುರುಗಳ ಮುಖಕ್ಕೆ ಮಸಿ ಬಳಿಯಬೇಕು, ಇಲ್ಲವೇ ಇನ್ನೊಂದು ಸುಳ್ಳು ಹೇಳಬೇಕು. ಸುಳ್ಳಿನಲ್ಲಿ ಮೇಡಂಗೆ ಆರು ವರ್ಷದ ಅನುಭವವಿದೆ. ಹೇಳುತ್ತಾರೆ. ಮನೆಗೆ ಹೋಗಿ ಮಗಳ ಜೊತೆ ಟಿವಿ ನೋಡುತ್ತಾರೆ. ಆ ಬಸ್ಸಿನ ಕ್ಯೂ ಎಲ್ಲೋ ಕಾಯುತ್ತಿರುತ್ತದೆ.

ಮೂರನೆಯದು ನನಗೆ ಬಹಳ ಇಷ್ಟ. ತಾಯಿ ಹೇಳಲು ಬಾಯಿ ತೆರೆದಾಗ ಮಗಳು "ನಂಗೆ ಗೊತ್ತಮ್ಮ, ಯಾವತ್ತಿನಿಂದಲೋ ಗೊತ್ತು" ಎನ್ನುತ್ತಾಳೆ. ಇಬ್ಬರೂ ತಬ್ಬಿಕೊಳ್ಳುತ್ತಾರೆ.

"ಅದೊಂದು ಬೇಡ" ಎಂದರು ಮೇಡಂ. ಇಷ್ಟು ಸಿಟ್ಟಿನಲ್ಲಿ ಅವರು ಮಾತಾಡಿದ್ದು ಇದೇ ಮೊದಲು. "ಅವಳಿಗೆ ಗೊತ್ತಿತ್ತು ಅಂತ ಬರೆದ್ರೆ ನಾನು ಪಾರು, ನೀವೂ ಪಾರು. ಹನ್ನೊಂದು ವರ್ಷದ ಮಗು ಅಷ್ಟನ್ನೂ ಒಬ್ಬಳೇ ಹೊತ್ಕೊಂಡಿತ್ತು ಅಂತಾಯ್ತಲ್ಲ, ಅದು ಕಾಣಲ್ವಾ ನಿಮಗೆ? ನಮ್ಮ ಸುಖಕ್ಕೆ ಅವಳ ಬೆನ್ನ ಮೇಲೆ ಹೇರಬೇಡಿ. ಅವಳ ಉತ್ತರ ಅವಳು ಬರೀತಾಳೆ."

ಹೊಡೆದು ಹಾಕಿದೆ. ನಾಚಿಕೆಯಾಯಿತು.

೮

ಮೂರೂ ನಲವತ್ತು. ನಾಲ್ಕು ಸಹಿಗಳಾಗಿವೆ. ಪಟ್ಟಿ, ಐದನೇ ಭಾಗದ ಫಾರಂ ಸಮೇತ, ಮೇಜಿನ ಮೇಲೆ ಜಾರುತ್ತಾ ಬಂದು ಮೇಡಂ ಮುಂದೆ ನಿಂತಿದೆ. ಕಾಮಾ ಸರ್ ಕೈ ಚಾಚಿದರು. ಮೇಡಂ ಪುಟ ಕೊಟ್ಟರು.

"ಕನ್ನಡಕ" ಎಂದು ಓದಿದರು ಕಾಮಾ ಸರ್. ಅವರ ಮುಖದಲ್ಲಿ ಮೂರು ವಾರದ ಹಲ್ಲುನೋವು ಇಳಿದ ನಿರಾಳ ಕಂಡಿತು. ಆಮೇಲೆ ನಿಧಾನಕ್ಕೆ ಹೋಯಿತು. "ವಾಚು ಅಂದಿದ್ರಿ."

"ಹೌದು."

"ಮೇಡಂ..." ಅವರ ದನಿ ತಗ್ಗಿತು. "ಓದಿದೀರಾ?"

"ಈಗ ಓದಿದೀನಿ."

ಮೇಜಿನ ಸುತ್ತ ಯಾರೂ ಬಿಸ್ಕತ್ತು ಮುಟ್ಟಲಿಲ್ಲ. ಅಧ್ಯಕ್ಷರು ತಮ್ಮ ಹಳೆಯ ವಿದ್ಯಾರ್ಥಿನಿಯನ್ನೇ ನೋಡಿದರು. ಬಯ್ಯಲಿಲ್ಲ. ಬಯ್ದಿದ್ದರೆ ವಾಸಿಯಿತ್ತು.

"ಸರಿ. ಈಗ ಓದಿದೀಯಲ್ಲಮ್ಮ. ಈಗ ಹೇಳು. ಸೂಕ್ತಾನಾ, ಅಲ್ವಾ?"

"ಹದಿನೈದು ನಿಮಿಷ ಕೊಡಿ ಸರ್. ಒಂದು ಫೋನ್ ಮಾಡ್ಬೇಕು."

"ಯಾರಿಗೆ?"

"ಓದೋರಿಗೆ."

ಕುರ್ಚಿ ಹಿಂದಕ್ಕೆ ತಳ್ಳಿ ಎದ್ದರು. ಕಾರಿಡಾರಿಗೆ ಬಂದರು. ನಾನೂ ಹಿಂದೆಯೇ ಬಂದೆ. ಲೇಖಕನಿಗೆ ಎಲ್ಲ ಬಾಗಿಲೂ ತೆರೆದಿರುತ್ತವೆ ಎಂದು ಈ ವಯಸ್ಸಿನಲ್ಲೂ ನಂಬಿರುವ ಮೂರ್ಖ ನಾನು.

"ನೀವು ಅಲ್ಲೇ ನಿಲ್ಲಿ ಸರ್" ಎಂದರು ಮೇಡಂ.

ನಿಂತೆ. ಒಳಗೆ ಮೇಜಿನ ಮೇಲೆ ಫಾರಂ ಇದೆ, ಅದರ ಮೇಲೆ ಮುಚ್ಚಳ ತೆಗೆದ ಪೆನ್ನಿದೆ. ಮುಕ್ತಾಯದ ಸಾಲಿನಲ್ಲಿ ನಿನ್ನೆಯ ಗುಂಡನ್ನು ಮೇಡಂ ಹೊಡೆದು ಹಾಕಿ ಬಂದಿದ್ದಾರೆ, ಹೊಸದನ್ನು ಹಾಕಿಲ್ಲ. ನನ್ನನ್ನು ಕೇಳಬೇಡಿ. ನನ್ನ ಪಾಲಿಗೆ ಬಂದ ಪುಟಗಳು ಇಷ್ಟೇ. ಇದರಾಚೆಯದನ್ನು ಓದದೇ ಗುಂಡು ಹಾಕುವ ಕೆಲಸ ಇನ್ನು ನನ್ನಿಂದಾಗದು.

ಫೋನು ಮೂರು ಸಲ ಹೊಡೆದುಕೊಂಡಿತು.

"ಹಲೋ ಅಮ್ಮ, ಮುಗೀತಾ ಮೀಟಿಂಗು?"

"ಇಲ್ಲ ಪುಟ್ಟಾ. ಕೂತಿದೀಯಾ? ಕೂತ್ಕೋ. ಒಂದು ವಿಷಯ ಹೇಳ್ತೀನಿ, ಪೂರ್ತಿ ಕೇಳು, ಆಮೇಲೆ ನೀನು ಏನು ಬೇಕಾದ್ರೂ ಕೇಳು, ನನ್ನ ಬಯ್ಯಿ, ಏನಾದ್ರೂ ಮಾಡು."

"ಏನಮ್ಮ? ಯಾಕೆ ಅಳ್ತಿದೀಯಾ?"

"ಅವತ್ತು ಬೆಳಿಗ್ಗೆ ನಿಮ್ಮಪ್ಪ ಮೇಜಿನ ಮೇಲೆ ಬಿಟ್ಟುಹೋಗಿದ್ದು ತನ್ನ