ಎರಡು ಮಿಂಚು

ಮಧ್ಯಾಹ್ನ ಮೂರು ಗಂಟೆಗೆ ಕಲ್ಲುಬೆಟ್ಟದ ತುದಿಯಲ್ಲಿ ಕನ್ನಡಿ ಎರಡು ಸಲ ಮಿಂಚಿತು. ನಮ್ಮ ಮಾಳಿಗೆಯ ಮೇಲೆ ನಿಂತಿದ್ದ ನಾಗಭೂಷಣ ಮಾವ ಓಣಿಯತ್ತ ಬಗ್ಗಿ, "ಒಂದೇ! ದಾರಿ ಸುಗಮ. ನಾಳೆ ಬೆಳಕು ಹರಿಯುತ್ತಲೇ ಹೊರಡೋಣ," ಎಂದು ಕೂಗಿದರು.

ಬೆಟ್ಟ ಊರಿನ ಉತ್ತರಕ್ಕಿತ್ತು. ಮರವಿಲ್ಲದ ಬೋಳು ಬಂಡೆ. ಬೆಳಿಗ್ಗೆ ಹತ್ತಿದವರು ಹೊತ್ತು ಇಳಿಯುವ ಮೊದಲೇ ಮನೆ ಸೇರಬಹುದಾದಷ್ಟು ಎತ್ತರ. ಆದರೆ ತುದಿಗೆ ಇದ್ದದ್ದು ಒಂದೇ ದಾರಿ, ಎರಡು ಬಂಡೆಗಳ ನಡುವಿನ ಸೀಳು. ಆ ಸೀಳಿನ ಮೇಲ್ಗಡೆ ಆಗಾಗ ಹೆಜ್ಜೇನು ಕಟ್ಟುತ್ತಿತ್ತು. ಒಬ್ಬನೇ ಆದರೆ ಸದ್ದಿಲ್ಲದೆ ದಾಟಬಹುದು. ಗುಂಪು ಮಾತಾಡುತ್ತ ಹೋದರೆ ಹುಳು ಏಳುತ್ತವೆ, ಓಡಲು ಜಾಗವಿಲ್ಲ. ಹಾಗಾಗಿ ಊರಿನಲ್ಲೊಂದು ಪದ್ಧತಿ ಬೆಳೆದಿತ್ತು. ಹಿಂದಿನ ದಿನ ಒಬ್ಬರು ಹೋಗಿ ನೋಡಿ, ತುದಿಯಿಂದ ಕನ್ನಡಿ ಹೊಳೆಸಬೇಕು. ಒಂದು ಸಲವಾದರೆ ಬನ್ನಿ. ಎರಡು ಸಲವಾದರೆ ಬೇಡ. ಹೊಳೆಸುವವನು ದರ್ಜಿ ದ್ಯಾಮಣ್ಣ, ಮಾವನ ಬಾಲ್ಯದ ಗೆಳೆಯ. ನೋಡಿ ಹೇಳುವವರು ಮಾವ. ಬುತ್ತಿ ಕಟ್ಟಿಕೊಂಡು ಬೆಟ್ಟ ಸುತ್ತಲು ಹೋಗುವವರನ್ನು ಮುಂದೆ ನಿಂತು ಕರೆದೊಯ್ಯುತ್ತಿದ್ದವರೂ ಅವರೇ.

ನಾನು ಒಣಗಿದ ಬಟ್ಟೆ ತರಲು ಮೇಲೆ ಹೋಗಿದ್ದೆ.

"ಮಾವ, ಎರಡು ಸಲ ಮಿಂಚಿತಲ್ಲ?"

"ಒಂದೇ ಕಣೇ. ನೀನು ಹುಟ್ಟೋ ಮೊದಲಿಂದ ನೋಡ್ತಿದೀನಿ. ಈ ತಿಂಗಳಲ್ಲಿ ಯಾವಾಗಲೂ ಒಂದೇ ಬರೋದು."

ಮಾವನ ಮುಖ ಬೆಟ್ಟದ ಕಡೆಗೇನೋ ಇತ್ತು. ಆದರೆ ದ್ಯಾಮಣ್ಣ ನಿಂತಿದ್ದ ಎತ್ತರದ ತುದಿಯ ಕಡೆಗಲ್ಲ, ಎಡಕ್ಕಿದ್ದ ಗಿಡ್ಡ ಗುಡ್ಡದ ಕಡೆಗೆ. ಅಲ್ಲಿಂದ ಯಾರೂ ಎಂದೂ ಕನ್ನಡಿ ಹೊಳೆಸಿದವರಿಲ್ಲ.

ಅಷ್ಟರಲ್ಲಿ ಸರ್ವಮಂಗಳತ್ತೆ ಮೆಟ್ಟಿಲು ಹತ್ತಿ ಬಂದಳು. ನಾಳೆಯ ಬುತ್ತಿಗೆ ರೊಟ್ಟಿ ಬಡಿಯುತ್ತಿದ್ದವಳು, ಕೈಯೆಲ್ಲ ಹಿಟ್ಟು. ಗಂಡನನ್ನು ಕೇಳಲಿಲ್ಲ. ನನ್ನನ್ನು ಕೇಳಿದಳು.

"ಎಷ್ಟು?"

"ಎರಡು."

ಅತ್ತೆ ಸೆರಗಿನಿಂದ ಕೈ ಒರೆಸಿಕೊಂಡಳು. "ಇನ್ನೂ ಹೊತ್ತಿದೆ ಅಂದ್ಕೊಂಡು ಒಲೆ ಮುಂದೆ ಕೂತೆ," ಎಂದಳು.

ಪ್ರತಿ ಸಲವೂ ಅತ್ತೆ ಮಾವನ ಪಕ್ಕದಲ್ಲಿ ನಿಂತಿರುತ್ತಿದ್ದದ್ದು ನನಗೆ ಆಗ ನೆನಪಾಯಿತು. ಗಂಡ ಹೆಂಡತಿ ಕೈ ಹಿಡಿದು ನಿಲ್ಲುತ್ತಾರೆಂದು ಓಣಿಯವರು ನಗುತ್ತಿದ್ದರು. ಎಷ್ಟು ಸಲ ಮಿಂಚಿದರೆ ಅಷ್ಟು ಸಲ ಅವಳು ಆ ಕೈಯನ್ನು ಒತ್ತುತ್ತಿದ್ದಳು.

"ಯಾವಾಗಿಂದ?" ಎಂದೆ.

ಮಾವ ಮಾಳಿಗೆಯ ಕಟ್ಟೆಯ ಮೇಲೆ ಕೂತರು. "ಬೆಟ್ಟ ಬೂದಿಗುಡ್ಡೆ ಹಾಗೆ ಕಾಣ್ತದೆ. ಕಾಲಿಗೆ ದಾರಿ ಗೊತ್ತು, ಅದಕ್ಕೆ ನಡೀತಿತ್ತು. ಹೇಳಿದ್ರೆ ಮನೆಯಲ್ಲಿ ಕೂರಿಸ್ತೀರಿ."

"ಕೂರಿಸ್ತಿದ್ದೆವು," ಎಂದಳು ಅತ್ತೆ. "ಅದಕ್ಕೇ ನಾನೂ ಹೇಳಲಿಲ್ಲ."

ಕೆಳಗೆ ಓಣಿಯಲ್ಲಿ ಚೀಲ ಕಟ್ಟುವ ಸದ್ದು ಕೇಳುತ್ತಿತ್ತು. ಎದುರುಮನೆಯ ಗೌರಜ್ಜಿ ಮೊಮ್ಮಗಳಿಗೆ ಟೋಪಿ ಹುಡುಕುತ್ತಿದ್ದಳು. ನಾನೇ ಹೋಗಿ ನಾಳೆ ಬೇಡವೆಂದು ಹೇಳಿಬರುತ್ತೇನೆ, ಕಾರಣ ಏನಾದರೂ ಹುಟ್ಟಿಸಿದರಾಯಿತು ಎಂದೆ.

"ಬೇಡ," ಎಂದರು ಮಾವ. "ಒಂದು ಅಂತ ಕೂಗಿದೋನು ನಾನು."

ಕೈಯಿಂದ ಗೋಡೆ ಸವರುತ್ತ ಇಳಿದರು. ಓಣಿಯ ನಡುವೆ ನಿಂತು, "ಬಂದದ್ದು ಎರಡು. ಜೇನು ಕಟ್ಟಿದೆ. ನನಗೆ ಕಾಣಿಸಲಿಲ್ಲ," ಎಂದರು. ಗೌರಜ್ಜಿ ಟೋಪಿ ಹುಡುಕುವುದನ್ನು ಬಿಟ್ಟು, "ಹಾಗಾದ್ರೆ ಹೋದ ಸಲ ನಮ್ಮನ್ನೆಲ್ಲ ಕರ್ಕೊಂಡು ಹೋದದ್ದು ಯಾರಪ್ಪಾ?" ಎಂದಳು.

"ಕಾಲು," ಎಂದರು ಮಾವ.

ಯಾರೋ ನಕ್ಕರು, ಯಾರೋ ಬೈದರು. ಚೀಲಗಳು ಒಳಗೆ ಹೋದವು.

ಸಂಜೆ ದ್ಯಾಮಣ್ಣ ಬಂದ. ಇಳಿಯುವಾಗ ಕಿವಿಗೊಂದು ಹುಳು ಕಡಿದು, ಕಿವಿ ಬೋಂಡದ ಹಾಗೆ ಊದಿತ್ತು. ನಡೆದದ್ದನ್ನು ಕೇಳಿ, ಅಂಗಡಿಯ ಕನ್ನಡಿಯನ್ನು ಮಾವನ ತೊಡೆಯ ಮೇಲೆ ಇಟ್ಟ.

"ಅಲ್ಲಯ್ಯಾ, ನಾನು ಬಿಸಿಲಲ್ಲಿ ಬೆಂದು ಎರಡು ಹೊಳೆಸಿದ್ರೆ ನೀನು ನೆರಳಲ್ಲಿ ಕೂತು ಒಂದು ಮಾಡ್ತೀಯಾ? ಇನ್ಮೇಲೆ ಇದನ್ನು ನೀನೇ ಹೊರು. ಹೊಳೆಸೋದಕ್ಕೆ ಕಣ್ಣು ಬೇಕಾಗಿಲ್ಲ. ನೋಡೋ ಕೆಲಸ ನಿನ್ನ ಹೆಂಡತಿಗೆ ಬಿಡು. ಹೇಗೂ ಅವಳೇ ಮಾಡ್ತಿದ್ದದ್ದು."

ಮಾವ ಕನ್ನಡಿಯನ್ನು ವಾಪಸ್ಸು ಕೊಡಲಿಲ್ಲ.

ಜೇನು ಹಾರಿಹೋಗಿದೆ ಎಂದು ದ್ಯಾಮಣ್ಣ ನೋಡಿಬಂದ ಮೇಲೆ ನಾವು ಹತ್ತಿದೆವು. ಮಾವ ಈ ಸಲ ಮುಂದೆ ನಡೆಯಲಿಲ್ಲ. ನನ್ನ ಹೆಗಲ ಮೇಲೆ ಕೈಯಿಟ್ಟು ಬಂದರು. ಆದರೂ ಸೀಳಿನ ಒಳಗೆ, "ಎಡಗಾಲು ಮೊದಲು," ಎಂದು ನನಗೆ ಹೇಳಿಕೊಟ್ಟವರು ಅವರೇ. ತುದಿಯಲ್ಲಿ ಗಾಳಿ ಜೋರಾಗಿತ್ತು. ಮಾವ ಚೀಲದಿಂದ ಕನ್ನಡಿ ತೆಗೆದು, ಬಿಸಿಲು ಯಾವ ಕೆನ್ನೆಗೆ ತಾಗುತ್ತಿದೆಯೆಂದು ನೋಡಿಕೊಂಡು ಎತ್ತಿ ಹಿಡಿದರು. ನಾನು ಅವರ ಮಣಿಕಟ್ಟನ್ನು ನಮ್ಮ ಮಾಳಿಗೆಯತ್ತ ತುಸು ತಿರುಗಿಸಿದೆ.

ಸ್ವಲ್ಪ ಹೊತ್ತಿನ ಮೇಲೆ ಕೆಳಗಿನ ಮನೆಗಳ ನಡುವೆ ಅತ್ತೆಯ ಹಿತ್ತಾಳೆ ತಟ್ಟೆ ಮಿಂಚಿತು.

"ಬಂತಾ?" ಎಂದರು ಮಾವ.

ನಾನು ಅವರ ಕೈಯನ್ನು ಒಂದು ಸಲ ಒತ್ತಿದೆ. ಅವರು ಬಂಡೆಯ ಮೇಲೆ ಕೂತು ರೊಟ್ಟಿಯ ಗಂಟು ಬಿಚ್ಚಿದರು.