ಮಂಚದ ಮೇಲೆ ಕೂತ ಮಾವ

ಮಾವ ಶಿವಯೋಗೆಪ್ಪ ಬಂದವರೇ ಮಾಂತೇಶನ ಕಾಲ ಬಳಿ, ಮಂಚದ ಮೇಲೇ ಕೂತರು. ಜಡ್ಡಾದವರನ್ನು ಮಾತಾಡಿಸಲು ಬಂದು ದೂರ ಕೂತರೆ ಅದೆಂಥ ಬೀಗತನ?

ಏಳು ತಿಂಗಳ ಹಿಂದೆ ಮಗ್ಗದ ಶೆಡ್ಡಿನ ತಗಡು ಬಿಗಿಯಲು ಹತ್ತಿದ್ದ ಮಾಂತೇಶ ಬೆನ್ನಡಿಯಾಗಿ ಬಿದ್ದಿದ್ದ. ಎದೆಯ ಮೇಲ್ಭಾಗದಲ್ಲಿ ಬೆನ್ನುಹುರಿ ಜಜ್ಜಿಹೋಗಿತ್ತು. ಕೈಗಳು ಆಡುತ್ತಿದ್ದವು; ಎದೆಯಿಂದ ಕೆಳಗೆ ಏನು ಮುಟ್ಟಿದರೂ ಗೊತ್ತಾಗುತ್ತಿರಲಿಲ್ಲ. ಉಚ್ಚೆ ಪೈಪಿನಲ್ಲಿ ಇಳಿದು ಮಂಚದ ಪಕ್ಕದ ಚೀಲ ಸೇರುತ್ತಿತ್ತು. ತನ್ನ ಅಪ್ಪನ ಕಣ್ಣಿಗೆ ಬೀಳದಿರಲೆಂದು ಹೆಂಡತಿ ದಾನಮ್ಮ ಆ ಪೈಪಿನ ಮೇಲೆ ಚಾದರ ಹೊದಿಸಿ, ರೊಟ್ಟಿ ಬಡಿಯಲು ಒಳಗೆ ಹೋಗಿದ್ದಳು.

"ಮಾರಿ ಮ್ಯಾಲ ಕಳೆ ಬಂದೈತಿ," ಎಂದರು ಮಾವ. "ಶ್ರಾವಣದಾಗ ಮಗ್ಗಕ್ಕ ನಿಂದರ್ತಿ ನೋಡು."

"ನಿಂದ್ರೂದೇನ, ನನ್ನ ಜೋಡಿ ಕೈ ಹಿಡ್ಕೊಂಡ ಗಿರಗಿರ ಫುಗಡಿ ಆಡ್ತಾನ," ಎಂದಳು ತಲೆದೆಸೆಯಲ್ಲಿ ಕೂತಿದ್ದ ಮಾಂತೇಶನ ದೊಡ್ಡವ್ವ ಸಾವಕ್ಕ.

ಮಾತು ತಾಸು ಮೀರಿತು. ಮಾಂತೇಶನ ತಲೆ ಸಿಡಿಯತೊಡಗಿತು. ಹಣೆ, ಕುತ್ತಿಗೆ ಬೆವೆತವು. ಡಾಕ್ಟರು ಎಚ್ಚರಿಸಿದ್ದು ಇದನ್ನೇ. ಉಚ್ಚೆ ಒಳಗೇ ಕಟ್ಟಿಕೊಂಡರೆ ನಿನಗೆ ತಿಳಿಯುವುದಿಲ್ಲ, ಆದರೆ ಮೈ ಗಾಬರಿಯಾಗಿ ಬಿಪಿ ಏರಿಸುತ್ತದೆ, ಮಿದುಳಿನ ನರ ಒಡೆಯಬಹುದು. ನೆಟ್ಟಗೆ ಕೂತು, ತಡೆ ಎಲ್ಲಿದೆ ಹುಡುಕಬೇಕು. ಕತ್ತು ಹೊರಳಿಸಿ ನೋಡಿದ. ಚೀಲಕ್ಕೆ ಹನಿಯೂ ಇಳಿದಿರಲಿಲ್ಲ. ಪೈಪು ಮಾವನ ತೊಡೆಯ ಕೆಳಗಿತ್ತು.

"ಮಾವಾರ... ಏಳ್ರಿ."

ಎದೆಯ ಸ್ನಾಯುಗಳು ಸೋತ ಮೇಲೆ ಅವನ ದನಿಗೆ ಬಲವಿರಲಿಲ್ಲ. ಪಕ್ಕದ ಪವರ್‌ಲೂಮುಗಳ ಖಟಖಟದಲ್ಲಿ ಅದು ಮುಳುಗಿತು.

"ಅಯ್ಯ, ಎಷ್ಟ ಬೆವತಾನ! ಚಕ್ಕರ ಬಂದೈತಿ, ಮಲಗಸ್ರಿ," ಎಂದು ಸಾವಕ್ಕ ಬೆನ್ನ ಹಿಂದಿನ ದಿಂಬು ಎಳೆದಳು. ಮಾವ ಕೂತಲ್ಲಿಂದಲೇ ಮುಂದೆ ಬಾಗಿ ಎರಡೂ ಭುಜ ಹಿಡಿದು ಒತ್ತಿ ಮಲಗಿಸಿದರು. ತಲೆಯೊಳಗೆ ನೆತ್ತರು ಗುದ್ದಿತು. ಮಮತೆಯಿಂದ ಹಿಡಿದ ಈ ಕೈಗಳ ಕೆಳಗೇ ಸಾಯುತ್ತೇನೆ ಅನ್ನಿಸಿತು.

ಇದ್ದ ಬಲವನ್ನೆಲ್ಲ ಕೂಡಿಸಿ ಮಾವನ ಎದೆಗೆ ಕೈಯಿಟ್ಟು ದಬ್ಬಿದ.

ಅವರು ಧಡಕ್ಕನೆ ಎದ್ದು ನಿಂತರು. "ನನ್ನ ಮ್ಯಾಲ ಕೈ ಮಾಡ್ತಿ ಏನಲೇ?"

ಚೀಲದಲ್ಲಿ ಗುಳುಗುಳು ಸದ್ದಾಯಿತು.

ಕೂಗು ಕೇಳಿ ಹಿಟ್ಟಿನ ಕೈಯಲ್ಲೇ ಓಡಿಬಂದ ದಾನಮ್ಮ ಗಂಡನನ್ನು ಎಬ್ಬಿಸಿ ದಿಂಬಿಗೆ ಆನಿಸಿದಳು, ಪೈಪು ನೆಟ್ಟಗೆ ಮಾಡಿದಳು. "ಯಪ್ಪಾ, ಪೈಪಿನ ಮ್ಯಾಲ ಕುಂತಿದ್ದಿ. ಇವ್ರ ಜೀವ ಹೋಗ್ತಿತ್ತು."

ಸ್ವಲ್ಪ ಹೊತ್ತಿಗೆ ಸಿಡಿತ ಇಳಿಯಿತು.

"ಹಂಗಾರ ಬಾಯಿಬಿಟ್ಟ ಹೇಳೂದಲ್ಲ?" ಎಂದರು ಶಿವಯೋಗೆಪ್ಪ, ಅಂಗಿ ಸರಿಮಾಡಿಕೊಳ್ಳುತ್ತ.

"ಹೇಳಿದ್ನಿರಿ, ಮಾವಾರ."

ಅದೂ ಅವರಿಗೆ ಕೇಳಲಿಲ್ಲ. ಊಟ ಬ್ಯಾಡ ಎಂದು, ನೀರನ್ನಷ್ಟೇ ನಿಂತು ಕುಡಿದರು. ಮುನಿದ ಮಾವನನ್ನು ಕೈಹಿಡಿದು ಊಟಕ್ಕೆ ಕೂಡಿಸಬೇಕಾದ ಅಳಿಯ ದಿಂಬಿಗೆ ಆನಿಕೊಂಡು, ಅವರ ಕಾಲು ಬಾಗಿಲ ಕಡೆ ತಿರುಗುವುದನ್ನು ನೋಡುತ್ತಿದ್ದ.